ಬೀಗದ ಕೈ ಯಾರ ಹತ್ತಿರ?

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವುದು ಐದು ತಾಲ್ಲೂಕು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಇಲ್ಲಿ ಮಾತಾಡುತ್ತಿರುವವರಲ್ಲಿ ಒಬ್ಬರು ಕೂಡ್ಲಿಗಿ–ಕೊಟ್ಟೂರು ನಡುವಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಊರವರ ಬಾಯಲ್ಲಿ ಮೆಂಬರು. ಇನ್ನೊಬ್ಬರು ಅವರಿಗೆ ಅಕ್ಷರ ಕಲಿಸಿದ ಮೇಷ್ಟ್ರು. ಈ ಸೀಮೆಯ ಶಾಲೆಗಳಲ್ಲೇ ಸೇವೆ ಮುಗಿಸಿ ಹರಪನಹಳ್ಳಿಯಲ್ಲಿ ಮನೆ ಮಾಡಿದವರು. ಗ್ರಾಮಸಭೆ ಹತ್ತಿರ ಬಂದಿದೆ. ಮೆಂಬರ ಕೈಯಲ್ಲಿ ಒಂದು ಅರ್ಜಿ ಇದೆ.

ಮೆಂಬರು: ಮೇಷ್ಟ್ರೆ, ಇದನ್ನ ಸ್ವಲ್ಪ ನೋಡಿ. ನಮ್ಮೂರ ಹುಡುಗರು ಬರೆದದ್ದು. ಸಂಜೆ ಕುಂತು ಮಾತಾಡಾಕೆ, ಕೇರಂ ಆಡಾಕೆ, ಜಾತ್ರೆ ನಾಟಕದ ತಾಲೀಮು ಮಾಡಾಕೆ ಒಂದು ಜಾಗ ಬೇಕಂತೆ. ಎಲ್ಲ ಹೇಳಿ ಕೊನೆಗೆ "ಆದಕಾರಣ ಹೊಸ ಸಮುದಾಯ ಭವನ ಮಂಜೂರು ಮಾಡಿಸಬೇಕು" ಅಂತ ಮುಗಿಸ್ಯಾರೆ.

ಮೇಷ್ಟ್ರು: ಒಕ್ಕಣೆ ಚೆನ್ನಾಗಿದೆ. ನಿಮ್ಮೂರಲ್ಲಿ ಈಗಾಗಲೇ ಎಷ್ಟು ಭವನ ಇವೆಯಮ್ಮ?

ಮೆಂಬರು: ಮೂರು. ಒಂದು ಶಾಸಕರ ನಿಧಿದು, ಒಂದು ಎಂಪಿ ನಿಧಿದು. ಇನ್ನೊಂದು ಲಿಂಟಲ್ ಮಟ್ಟಕ್ಕೆ ನಿಂತು ಬಿಲ್ಲಿಗೆ ಕಾಯ್ತಾ ಐತೆ.

ಮೇಷ್ಟ್ರು: ಮುಗಿದ ಎರಡು ಭವನದಲ್ಲಿ ಏನು ನಡೆಯುತ್ತದೆ?

ಮೆಂಬರು: ಒಂದರಾಗೆ ಮೆಕ್ಕೆಜೋಳದ ಚೀಲ. ಇನ್ನೊಂದರಾಗೆ ಶಾಮಿಯಾನದ ಕಂಬ, ಸೌಂಡ್ ಬಾಕ್ಸು, ಗಣಪತಿ ಕೂಡ್ರಿಸೋ ಹಲಗೆ. ಷಟರು ಕೆಳಗಿಂದ ತುಕ್ಕು ಹಿಡಿದು ಮೊಣಕಾಲಷ್ಟು ಎತ್ತಿದ್ರೆ ಮತ್ತೆ ಮೇಲೆ ಹೋಗಂಗಿಲ್ಲ. ಬಗ್ಗಿ ಒಳಗೆ ಹೋಗಬೇಕು. ಮೀಟರು ಕಿತ್ತುಕೊಂಡು ಹೋಗ್ಯಾರೆ. ಬಾಗಿಲ ಪಕ್ಕದ ಗ್ರಾನೈಟ್ ಕಲ್ಲು ಮಾತ್ರ ಹೊಳೀತೈತೆ. ಉದ್ಘಾಟನೆ ಮಾಡಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಗೌರವ ಉಪಸ್ಥಿತಿ ಅಂತ ಹನ್ನೊಂದು ಹೆಸರು. ಬೀಗದ ಕೈ ಒಬ್ಬರ ಮನ್ಯಾಗೈತೆ. ಅವರು ಊರಾಗಿದ್ರೆ ಭವನ ತೆಗೀತೈತೆ, ಇಲ್ಲಾಂದ್ರೆ ಇಲ್ಲ.

ಮೇಷ್ಟ್ರು: ಹಾಗಾದರೆ ನಾಲ್ಕನೆಯದು ಯಾಕೆ? ಇನ್ನೊಬ್ಬರ ಮನೆಗೆ ಇನ್ನೊಂದು ಬೀಗದ ಕೈ ಕೊಡುವುದಕ್ಕಾ?

ಮೆಂಬರು: ಅದನ್ನ ಕೇಳಾಕೇ ಬಂದೀನಿ. ಹುಡುಗರಿಗೆ ಬೇಕಾಗಿರೋದು ಕಟ್ಟಡ ಅಲ್ಲ, ಕೂರೋ ಜಾಗ. ಆದ್ರೆ ಜಾಗ ಕೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ಭವನ ಕೇಳಿದ್ರೆ ಮರುದಿನಾನೇ ಎಸ್ಟಿಮೇಟು ಬರ್ತೈತೆ. ಇದು ಯಾಕೆ ಹಿಂಗೆ?

ಮೇಷ್ಟ್ರು: ದುಡ್ಡು ಬರುವ ದಾರಿಯೇ ಹಾಗಿದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಎರಡೂ ಮುಖ್ಯವಾಗಿ ಬಾಳಿಕೆ ಬರುವ ಆಸ್ತಿ ಮಾಡುವುದಕ್ಕೆ. ಕಟ್ಟಡದ ಫೋಟೊ ತೆಗೆಯಬಹುದು, ಅಳತೆ ಪುಸ್ತಕದಲ್ಲಿ ಬರೆಯಬಹುದು. ಮೇಲೆ ಕಲ್ಯಾಣ ಕರ್ನಾಟಕ ಮಂಡಳಿ ಇದೆ; ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಸಿಕ್ಕಿದ್ದು, ಈಚಿನ ಬಜೆಟ್ಟುಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ಅಂತ ಘೋಷಣೆ. ಅಲ್ಲಿಯೂ ಕಾಮಗಾರಿಯದೇ ಮಾತು. ಸಂಜೆ ಐದಕ್ಕೆ ಬಾಗಿಲು ತೆಗೆದು, ಕಸ ಗುಡಿಸಿ, ದೀಪ ಹಾಕಿ, ಒಂಬತ್ತಕ್ಕೆ ಬೀಗ ಹಾಕುವವರಿಗೆ ಸಂಬಳ ಅಂತ ಒಂದು ಕಾಮಗಾರಿ ಎಲ್ಲಾದರೂ ನೋಡಿದ್ದೀಯಾ? ಅದಕ್ಕೆ ಗುದ್ದಲಿ ಪೂಜೆ ಮಾಡಲು ಬರುವುದಿಲ್ಲ.

ಮೆಂಬರು: ಪಂಚಾಯಿತಿಗೆ ನೇರ ಬರೋ ದುಡ್ಡು ಐತಲ್ಲ, ಹಣಕಾಸು ಆಯೋಗದ್ದು?

ಮೇಷ್ಟ್ರು: 2021–26ರ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ನೂರಕ್ಕೆ ಅರವತ್ತು ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿತ್ತು. ಉಳಿದದ್ದು ಊರಿನ ಅಗತ್ಯಕ್ಕೆ, ಆದರೆ ಸಂಬಳ, ಕಚೇರಿ ಖರ್ಚಿಗೆ ಮುಟ್ಟುವ ಹಾಗಿರಲಿಲ್ಲ. ಮತ್ತೆ ಅಲ್ಲಿಗೇ ಬಂತು. ಇಟ್ಟಿಗೆಗೆ ದುಡ್ಡಿದೆ, ಮನುಷ್ಯರಿಗಿಲ್ಲ.

ಈಗ ನಾನೊಂದು ಕೇಳುತ್ತೇನೆ, ಬೇಜಾರಾಗಬೇಡ. ನಿಮ್ಮ ಕೇರಿಯಲ್ಲಿ ಚರಂಡಿ ಇಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತೀರಿ. ಇಂಥ ಊರಿನ ಪಂಚಾಯಿತಿ ಕೇರಂ ಬೋರ್ಡಿಗೆ ಯಾಕೆ ದುಡ್ಡು ಹಾಕಬೇಕು? ಆಟ, ಮನರಂಜನೆ ಹೊಟ್ಟೆ ತುಂಬಿದ ಮೇಲಿನ ಮಾತಲ್ಲವಾ?

ಮೆಂಬರು: ನೀವೂ ಹಂಗೇ ಅಂತೀರಾ? ಸರಿ, ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಬನ್ನಿ. ಕೂಡ್ಲಿಗಿ, ಹರಪನಹಳ್ಳಿ ಸೀಮೆಯಾಗೆ ಮಳೆ ಕೈ ಕೊಟ್ಟ ವರ್ಷ ಅರ್ಧ ಕೇರಿ ಗುಳೆ ಹೋಗ್ತೈತೆ. ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯದ ಕಡೆ ಕಬ್ಬು ಕಡಿಯಾಕೆ, ಬೆಂಗಳೂರಿನ ಗಾರೆ ಕೆಲಸಕ್ಕೆ. ಮನ್ಯಾಗೆ ಉಳಿಯೋರು ಯಾರು? ಅಜ್ಜಿ, ಅಜ್ಜ, ಶಾಲೆಗೆ ಹೋಗೋ ಹುಡುಗರು. ಸಂಜೆ ನಾಲ್ಕೂವರೆಗೆ ಶಾಲೆ ಬಿಡ್ತೈತೆ. ರಾತ್ರಿ ಮಲಗೋತನ ಆ ಹುಡುಗ ಎಲ್ಲಿರ್ತಾನೆ, ಆ ಹುಡುಗಿ ಎಲ್ಲಿರ್ತಾಳೆ ಅಂತ ಕೇಳೋರಿಲ್ಲ. ಅವ್ವ ಅಪ್ಪ ಸಕಲೇಶಪುರದಾಗೆ ಅದಾರೆ, ಫೋನಿನಾಗೆ. ಅಂಥ ಹುಡುಗರಿಗೆ ಬೆಳಕಿರೋ ಒಂದು ಖೋಲಿ, ನೋಡಿಕೊಳ್ಳೋ ಒಬ್ಬರು ದೊಡ್ಡೋರು ಇರೋದು ಹೊಟ್ಟೆ ತುಂಬಿದೋರ ಮಾತೇನು?

ಮೇಷ್ಟ್ರು: ಇಲ್ಲ. ಅದು ಹೊಟ್ಟೆ ತುಂಬದವರ ಮಾತೇ.

ಮೆಂಬರು: ದುಡ್ಡಿದ್ದೋರಿಗೆ ಜಾಗ ಐತೆ ಮೇಷ್ಟ್ರೆ. ಪಟ್ಟಣದಾಗೆ ರಿಕ್ರಿಯೇಷನ್ ಕ್ಲಬ್ ಅದಾವೆ, ಹೋಗಿ ಇಸ್ಪೀಟು ಆಡ್ತಾರೆ. ಹಳ್ಳಿ ಹುಡುಗರು ಆಲದ ಮರದ ಕೆಳಗೆ ಕುಂತು ಮೊಬೈಲಿನಾಗೆ ಐಪಿಎಲ್ ಬೆಟ್ಟಿಂಗ್ ಕಟ್ತಾರೆ. ಹೆಂಗಸರಿಗೆ ಎರಡೂ ಇಲ್ಲ. ಸಂಘದ ಸಭೆ ಮಾಡಾಕೆ ನಾವು ಯಾರ್ದಾದ್ರೂ ಪಡಸಾಲೆ ಕೇಳಬೇಕು. ಆ ಮನೆಯೋರಿಗೂ ಸಂಘದ ಅಧ್ಯಕ್ಷೆಗೂ ಮಾತು ಬಿಟ್ಟಿದ್ರೆ ಸಭೆನೇ ಇಲ್ಲ.

ಮೇಷ್ಟ್ರು: ಅಗತ್ಯ ಇದೆ, ಒಪ್ಪಿದೆ. ಆದರೆ ಸರ್ಕಾರವೇ ಮಾಡಬೇಕು ಅನ್ನುವುದನ್ನು ಒಪ್ಪುವುದು ಕಷ್ಟ. ನಮ್ಮ ಸೀಮೆ ಯಾವತ್ತು ಸರ್ಕಾರವನ್ನು ಕಾಯ್ದಿದೆ? ಕೊಟ್ಟೂರೇಶ್ವರನ ತೇರಿಗೆ ನಾಲ್ಕು ದಿಕ್ಕಿನಿಂದ ಜನ ಪಾದಯಾತ್ರೆ ಬರುತ್ತಾರೆ. ದಾರಿಯುದ್ದಕ್ಕೂ ಊರೂರವರು ಅಂಬಲಿ, ಮಂಡಕ್ಕಿ, ಅನ್ನ ಸಾರು ಇಟ್ಟುಕೊಂಡು ಕರೆದು ಕರೆದು ಬಡಿಸುತ್ತಾರೆ. ಯಾವ ಕ್ರಿಯಾಯೋಜನೆಯಲ್ಲಿತ್ತು ಅದು? ಮೈಲಾರದ ಕಾರಣಿಕಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಪ್ಪ ಬಿಲ್ಲೇರಿ ಒಂದು ಮಾತು ನುಡಿದು ಇಳಿಯುವುದನ್ನು ಕೇಳಲು. ನಾಟಕ ನೋಡು. ಊರ ಹುಡುಗರು ವಂತಿಗೆ ಎತ್ತಿ, ಸೀನರಿ ಬಾಡಿಗೆಗೆ ತಂದು, ಹಾರ್ಮೋನಿಯಂ ಮಾಸ್ತರರನ್ನು ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಂಡು, ಹೊರಗಿನಿಂದ ಕಲಾವಿದೆಯರನ್ನು ಕರೆಸಿ ಬೆಳಗಿನವರೆಗೆ ಆಡುತ್ತಾರೆ. ಪಕ್ಕದ ಮರಿಯಮ್ಮನಹಳ್ಳಿ ಅಂಥ ಕಲಾವಿದೆಯರ ಊರು. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ನೆಲೆಸಿದ ಊರೂ ಅದೇ. ಜನ ತಾವೇ ಮಾಡಿಕೊಳ್ಳುವ ಕೆಲಸಕ್ಕೆ ಸರ್ಕಾರ ಕೈ ಹಾಕಿದರೆ ಕೆಲಸ ಕೆಟ್ಟು ಕಡತ ಉಳಿಯುತ್ತದೆ.

ಮೆಂಬರು: ತೇರು ಒಂದು ದಿನ, ನಾಟಕ ಒಂದು ರಾತ್ರಿ. ಉಳಿದ ದಿನಕ್ಕೆ ಏನು ಮಾಡಾನ? ಇನ್ನೊಂದು ಮಾತು. ವಂತಿಗೆ ಎತ್ತೋರು ಯಾರು, ಯಾವ ಕೇರಿಗೆ ಬರ್ತಾರೆ, ಯಾವ ಕೇರಿಗೆ ಬರಲ್ಲ ಅನ್ನೋದು ನಿಮಗೆ ಗೊತ್ತಿಲ್ಲದ್ದೇನು? ವಂತಿಗೆ ಕೊಟ್ಟೋರಿಗೆ ಮುಂದಿನ ಸಾಲು. ಕೊಡಾಕಾಗದೋರು, ವಂತಿಗೆನೇ ಕೇಳದ ಕೇರಿಯೋರು ಹಿಂದೆ ನಿಂತು ನೋಡಬೇಕು. ಹುಡುಗರ ನಾಟಕದಾಗೆ ನಮ್ಮೂರ ಒಬ್ಬ ಹೆಣ್ಣುಮಗಳಾದ್ರೂ ಪಾತ್ರ ಮಾಡ್ಯಾಳಾ? ಪಂಚಾಯಿತಿ ಜಾಗ ಅಂದ್ರೆ ಕನಿಷ್ಠ "ನನಗೂ ಹಕ್ಕೈತೆ" ಅಂತ ಕೇಳಬಹುದು. ದೇವಸ್ಥಾನದ ಕಟ್ಟೆ ಮೇಲೆ ಹಂಗೆ ಕೇಳಾಕಾಗುತ್ತಾ?

ಮೇಷ್ಟ್ರು: ಕೇಳಲು ಆಗುವುದಿಲ್ಲ. ಆದರೆ ನಿಮ್ಮ ಭವನದ ಕಟ್ಟೆ ಮೇಲೆ ಆಗುತ್ತದಾ? ಮುಗಿದ ಆ ಎರಡೂ ಭವನ ಯಾವ ಯಾವ ಕೇರಿಯಲ್ಲಿವೆ?

ಮೆಂಬರು: ನೀವು ಗಾಯಕ್ಕೇ ಕೈ ಹಾಕಿದ್ರಿ. ಒಂದೊಂದು ಒಂದೊಂದು ಜನಾಂಗದ್ದು. ಬೋರ್ಡಿನ ಮೇಲೆ "ಸಮುದಾಯ" ಅಂತಿದ್ರೂ ಊರೋರಿಗೆ ಅದು ಇಂಥೋರ ಭವನ ಅಂತಾನೇ ಗೊತ್ತು. ಮದುವೆ, ನಾಮಕರಣ, ಮಹಾತ್ಮರ ಜಯಂತಿ ಆಯಾ ಜನಾಂಗದೋರೇ ಮಾಡ್ಕೋತಾರೆ. ಒಂದು ಕೇರಿ ಹುಡುಗ ಇನ್ನೊಂದು ಕೇರಿ ಭವನದಾಗೆ ಕೇರಂ ಆಡಿದ್ದನ್ನ ನಾನಂತೂ ಕಂಡಿಲ್ಲ.

ಮೇಷ್ಟ್ರು: ಸಾರ್ವಜನಿಕ ದುಡ್ಡಿನಲ್ಲಿ ಊರನ್ನು ಎರಡು ಹೋಳು ಮಾಡಿ ಕಟ್ಟಿದ್ದೀರಿ ಅಂತಾಯಿತು.

ಮೆಂಬರು: ಹಂಗೆ ಪೂರ್ತಿ ಬೈಯಬೇಡಿ. ನಮ್ಮ ಕೇರಿಗೆ ಭವನ ಬರೋಕ್ಕಿಂತ ಮುಂಚೆ ನಮ್ಮ ಮದುವೆ ನಡೀತಿದ್ದದ್ದು ಬೀದ್ಯಾಗೆ. ಊರಿನ ಛತ್ರ ನಮಗೆ ಕೊಡ್ತಿರಲಿಲ್ಲ. ನಮ್ಮ ತಲೆ ಮೇಲೂ ಒಂದು ಸೂರು ಬಂತಲ್ಲ ಅಂತ ನಮ್ಮವ್ವ ಅತ್ತಿದ್ದಳು. ಅದು ಸಣ್ಣ ಮಾತಲ್ಲ. ನಾನು ಕೇಳ್ತಿರೋದು ಅದರ ಮುಂದಿನ ಮಾತು. ಎಲ್ಲಾರೂ ಹೋಗೋ ಜಾಗ ಒಂದಾದ್ರೂ ಬೇಕಲ್ಲ?

ಮೇಷ್ಟ್ರು: ನೀನು ಹೇಳಿದ್ದು ಸರಿ, ನಾನು ಹಗುರಾಗಿ ಆಡಿದೆ. ಈಗ ಒಂದು ಲೆಕ್ಕ ಮಾಡೋಣ. ನಿಮ್ಮ ಪಂಚಾಯಿತಿಯಲ್ಲಿ ಯಾವ ಕೇರಿಯವರಾದರೂ ಕೇಳದೆ ಒಳಗೆ ಹೋಗಬಹುದಾದ, ರಜೆ ಬಿಟ್ಟು ದಿನವೂ ತೆರೆಯುವ ಬಾಗಿಲು ಯಾವ್ಯಾವುದು? ಕಚೇರಿ ಬಿಟ್ಟು ಹೇಳು.

ಮೆಂಬರು: ಶಾಲೆ. ಅಂಗನವಾಡಿ. ಆಮೇಲೆ ನಮ್ಮ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅದು.

ಮೇಷ್ಟ್ರು: ಆ ಲೈಬ್ರರಿ ಯಾಕೆ ತೆರೆದಿದೆ, ಭವನ ಯಾಕೆ ಮುಚ್ಚಿದೆ? ಯೋಚನೆ ಮಾಡಿದ್ದೀಯಾ? ಭವನಕ್ಕಿರುವ ಗ್ರಾನೈಟ್ ಕಲ್ಲು ಲೈಬ್ರರಿಗಿಲ್ಲ. ಅದಕ್ಕೆ ಎರಡು ಬೇರೆ ಸಂಗತಿ ಇವೆ: ಒಂದು ಕರ, ಒಬ್ಬ ಮೇಲ್ವಿಚಾರಕ.

ಮೆಂಬರು: ಕರ ಅಂದ್ರೆ?

ಮೇಷ್ಟ್ರು: ನಮ್ಮ ಹರಪನಹಳ್ಳಿ ಮನೆಯ ಕಂದಾಯದ ರಸೀದಿ ತೆಗೆದು ನೋಡು. ಮೇಲೆ ಕಂದಾಯ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಕಂದಾಯ ಸಾವಿರ ರೂಪಾಯಿ ಇದ್ದರೆ ಗ್ರಂಥಾಲಯ ಕರ ಶೇಕಡ 6ರಂತೆ 60 ರೂಪಾಯಿ, ಭಿಕ್ಷುಕರ ಕರ ಶೇಕಡ 3ರಂತೆ 30. ಓದು ಬಾರದವರೂ ಓದುವ ಮನೆಗೆ ಕರ ಕಟ್ಟುತ್ತಾರೆ. ಮನೆಯೊಂದು ಇದ್ದರೆ ಸಾಕು, ಊರಿನ ಪುಸ್ತಕದ ಖೋಲಿಯಲ್ಲಿ ಪಾಲು ಬಂತು. ಇದು ಈ ಸೀಮೆಗೆ ಹೊಸದೂ ಅಲ್ಲ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. 1948ರಲ್ಲಿ ಮದ್ರಾಸ್ ಸರ್ಕಾರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದಿತು. ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು. ಹಿಂದೆ ನಿಂತು ಒತ್ತಾಯ ಮಾಡಿದವರು ಎಸ್.ಆರ್. ರಂಗನಾಥನ್. ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಅದರ ಖರ್ಚಿಗೆ ಮನೆ ಕಂದಾಯದ ರೂಪಾಯಿಗೆ ಆರು ಪೈ, ಅಂದರೆ ಅರ್ಧ ಆಣೆ. ಬಳ್ಳಾರಿ ಜಿಲ್ಲೆ ಆ ಕಾಯ್ದೆಯ ಒಳಗಿತ್ತು. ಹಳೇ ಮೈಸೂರಿನವರು ಇಂಥ ಕಾಯ್ದೆಗೆ 1965ರವರೆಗೆ ಕಾಯಬೇಕಾಯಿತು. ಈ ಒಂದು ವಿಷಯದಲ್ಲಿ ಬರದ ನಾಡಿನ ನಾವೇ ಅವರಿಗಿಂತ ಮುಂದೆ.

ಮೆಂಬರು: ಅರ್ಧ ಆಣೆ! ನಮ್ಮಜ್ಜ ಪಂಚಾಯ್ತಿ ರೇಡಿಯೋ ಕಥೆ ಹೇಳ್ತಿದ್ದ. ಕಟ್ಟೆ ಮುಂದೆ ಎಲ್ಲಾರೂ ಕುಂತು ವಾರ್ತೆ, ಕೃಷಿರಂಗ ಕೇಳ್ತಿದ್ರಂತೆ.

ಮೇಷ್ಟ್ರು: ಅದೂ ಅದೇ ಮಾತು. ರೇಡಿಯೋ ಪೆಟ್ಟಿಗೆ ಒಂದು ಕಡೆ ಇರಲಿ. ಹೊತ್ತಿಗೆ ಸರಿಯಾಗಿ ಅದರ ಕಿವಿ ತಿರುಗಿಸುವುದಕ್ಕೆ ಒಬ್ಬ ಆಳು ಇದ್ದ. ಅವನು ರಜೆ ಹಾಕಿದ ದಿನ ಊರಿಗೆ ವಾರ್ತೆ ಇಲ್ಲ. ಲೈಬ್ರರಿಯಲ್ಲೂ ಹಾಗೇ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು. ಮರುವರ್ಷ "ಓದುವ ಬೆಳಕು" ಕಾರ್ಯಕ್ರಮ ಬಂತು. ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳನ್ನು ಪುಸ್ತಕದ ಹತ್ತಿರ ಇಟ್ಟುಕೊಂಡವರು ಈ ಮೇಲ್ವಿಚಾರಕರು. ಗೌರವಧನದ ಮೇಲೆ ದುಡಿದು, ಕನಿಷ್ಠ ವೇತನಕ್ಕೆ ವರ್ಷಗಟ್ಟಲೆ ಧರಣಿ ಕೂತವರೂ ಅವರೇ. ಅವರ ಸಂಬಳದ ಸಾಲು ಬಜೆಟ್ಟಿನಲ್ಲಿದೆ, ಅದಕ್ಕೆ ಬಾಗಿಲು ತೆಗೆದಿದೆ. ಭವನಕ್ಕೆ ಅಂಥ ಸಾಲು ಇಲ್ಲ, ಅದಕ್ಕೆ ಮುಚ್ಚಿದೆ. ಇಷ್ಟೇ ವ್ಯತ್ಯಾಸ.

ಮೆಂಬರು: ಹಂಗಾದ್ರೆ ಕಾನೂನಿನಾಗೆ ಇದು ಯಾರ ಕೆಲಸ? ಪಂಚಾಯಿತಿದಾ, ಯುವಜನ ಸೇವಾ ಇಲಾಖೆದಾ, ಕನ್ನಡ ಸಂಸ್ಕೃತಿ ಇಲಾಖೆದಾ? ಒಬ್ಬರ ಹತ್ತಿರ ಹೋದ್ರೆ ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ.

ಮೇಷ್ಟ್ರು: ಸಂವಿಧಾನವೇ ಹಂಚಿಕೊಟ್ಟಿದೆ. ಪಟ್ಟಣಗಳಿಗೆ 12ನೇ ಅನುಸೂಚಿ. ಅದರ 18 ವಿಷಯಗಳಲ್ಲಿ ಉದ್ಯಾನ, ಆಟದ ಮೈದಾನ ಒಂದು, ಸಾಂಸ್ಕೃತಿಕ ಚಟುವಟಿಕೆ ಇನ್ನೊಂದು. ಹಳ್ಳಿಗಳಿಗೆ 11ನೇ ಅನುಸೂಚಿ, 29 ವಿಷಯ. ಅದರಲ್ಲಿ ಗ್ರಂಥಾಲಯ ಇದೆ, ಸಾಂಸ್ಕೃತಿಕ ಚಟುವಟಿಕೆ ಇದೆ, ಸಂತೆ ಜಾತ್ರೆ ಇದೆ, ಸಮುದಾಯದ ಆಸ್ತಿಗಳ ನಿರ್ವಹಣೆ ಇದೆ. ಆಟದ ಮೈದಾನ ಮಾತ್ರ ಇಲ್ಲ.

ಮೆಂಬರು: ಹಳ್ಳಿ ಹುಡುಗರು ಆಡಂಗಿಲ್ಲೇನು?

ಮೇಷ್ಟ್ರು: ಹಳ್ಳಿಯಲ್ಲಿ ಬಯಲಿಗೆ ಬರವೇ ಅಂದುಕೊಂಡಿರಬೇಕು. ಬಯಲೆಲ್ಲ ಒತ್ತುವರಿ ಆಗುತ್ತದೆ, ನಿವೇಶನ ಆಗುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು? ಪಟ್ಟಣದ ಕತೆಯೂ ಬಹಳ ಬೇರೆ ಇಲ್ಲ. 1964ರ ಪುರಸಭೆ ಕಾಯ್ದೆ ಕೆಲಸಗಳನ್ನು ಎರಡು ಪಾಲು ಮಾಡಿದೆ: ಮಾಡಲೇಬೇಕಾದದ್ದು, ಮನಸ್ಸಿದ್ದರೆ ಮಾಡಬಹುದಾದದ್ದು. ಬೀದಿ ದೀಪ, ಚರಂಡಿ, ಕಸ ಮೊದಲನೆಯದರಲ್ಲಿ. ಉದ್ಯಾನ, ಗ್ರಂಥಾಲಯ, ಸಭಾಂಗಣ ಎರಡನೆಯದರಲ್ಲಿ. ಮನಸ್ಸಿದ್ದರೆ ಅನ್ನುವ ಪಟ್ಟಿಗೆ ಮಾರ್ಚ್ ತಿಂಗಳಲ್ಲಿ ದುಡ್ಡು ಉಳಿದಿರುವುದಿಲ್ಲ. ಆದರೆ "ಸಮುದಾಯದ ಆಸ್ತಿಗಳ ನಿರ್ವಹಣೆ" ಅನ್ನುವುದನ್ನು ನೆನಪಿಡು. ನಿನ್ನ ಕೈಗೆ ಸಿಗುವ ಹಿಡಿ ಅದು. ನಾಲ್ಕನೇ ಭವನ ಕಟ್ಟುವುದಕ್ಕೆ ನಿನಗೆ ಇನ್ನೊಬ್ಬರ ನಿಧಿ ಬೇಕು. ಇರುವ ಭವನ ತೆರೆಯುವುದಕ್ಕೆ ನಿನ್ನ ಪಂಚಾಯಿತಿಯ ಠರಾವು ಸಾಕು.

ಮೆಂಬರು: ಠರಾವು ಮಾಡಿದ್ರೆ ದುಡ್ಡು ಬರುತ್ತಾ? ಬಾಡಿಗೆಗೆ ಕೊಡಾನ ಅಂತ ಕೆಲವರು ಅಂತಾರೆ. ಮದುವೆಗೆ ಇಷ್ಟು, ಸೀಮಂತಕ್ಕೆ ಇಷ್ಟು ಅಂತ ಇಟ್ರೆ ಕರೆಂಟ್ ಬಿಲ್ಲು ಹುಟ್ಟುತ್ತೆ.

ಮೇಷ್ಟ್ರು: ಹುಟ್ಟುತ್ತದೆ. ಆಮೇಲೆ ವೈಶಾಖ ಬರುತ್ತದೆ. ಮಕ್ಕಳಿಗೆ ಬೇಸಿಗೆ ರಜೆ, ಅವರಿಗೆ ಜಾಗ ಬೇಕಾದ ತಿಂಗಳು ಅದೇ. ಮದುವೆಯ ತಿಂಗಳೂ ಅದೇ. ಭವನ ಮದುವೆಯವರಿಗೆ ಹೋಗುತ್ತದೆ, ಮಕ್ಕಳು ಹೊರಗೆ. ವರ್ಷ ಕಳೆಯುವುದರಲ್ಲಿ ಅದು ಕಲ್ಯಾಣ ಮಂಟಪ. ಬಾಡಿಗೆ ಬೇಡ ಅನ್ನುವುದಿಲ್ಲ, ತಿಂಗಳಿಗೆ ಇಷ್ಟೇ ದಿನ ಅಂತ ಮಿತಿ ಇರಲಿ. ಉಳಿದ ದುಡ್ಡು ಮನೆ ಕಂದಾಯದಿಂದಲೇ ಹುಟ್ಟಬೇಕು.

ಮೆಂಬರು: ಕಂದಾಯ ಯಾರು ಕಟ್ತಾರೆ ಮೇಷ್ಟ್ರೆ? ಬಿಲ್ ಕಲೆಕ್ಟರ್ ಹೋದ್ರೆ "ನಳದಾಗೆ ನೀರು ಬರಲಿ, ಆಮೇಲೆ ನೋಡಾನ" ಅಂತಾರೆ. ನಾವು ಮೆಂಬರುಗಳೂ ಜೋರು ಮಾಡಲ್ಲ, ಸುಳ್ಳು ಯಾಕೆ? ಓಟು ಹೋಗ್ತೈತೆ ಅಂತ ಹೆದರಿಕೆ.

ಮೇಷ್ಟ್ರು: ಸುಮ್ಮನೆ ಒಂದು ಲೆಕ್ಕ ಹಾಕು. ಸಾವಿರದ ಇನ್ನೂರು ಮನೆ, ಸರಾಸರಿ ಐನೂರು ರೂಪಾಯಿ ಕಂದಾಯ. ಒಟ್ಟು ಬೇಡಿಕೆ 6 ಲಕ್ಷ. ಅದಕ್ಕೆ ಗ್ರಂಥಾಲಯ ಕರ 36 ಸಾವಿರ, ತಿಂಗಳಿಗೆ 3 ಸಾವಿರ. ಇದರಲ್ಲಿ ಪೇಪರು, ಬಲ್ಬು, ಹೊಸ ಪುಸ್ತಕ ಆದೀತು, ಮನುಷ್ಯರ ಸಂಬಳ ಆಗದು. ಸಂಜೆ ನಾಲ್ಕು ತಾಸು ಜಾಗ ನೋಡಿಕೊಳ್ಳುವವರಿಗೆ ತಿಂಗಳಿಗೆ 6 ಸಾವಿರ ಕೊಟ್ಟರೆ ವರ್ಷಕ್ಕೆ 72 ಸಾವಿರ. ಈಗ ಬೇಡಿಕೆಯಲ್ಲಿ ಅರ್ಧ ವಸೂಲಾಗುತ್ತಿದ್ದರೆ, ನೂರಕ್ಕೆ ಐವತ್ತು ಇದ್ದದ್ದು ಅರವತ್ತೆರಡಕ್ಕೆ ಏರಿದರೆ ಸಾಕು, ಆ 72 ಸಾವಿರ ಬಂತು. ನಿಮ್ಮ ಕಡೆ ಮೊಬೈಲ್ ಟವರು, ಗುಡ್ಡದ ಮೇಲೆ ಗಾಳಿಯಂತ್ರ ಇದ್ದರೆ ಅವುಗಳ ತೆರಿಗೆ ಬೇರೆ.

ಮೆಂಬರು: ನೂರಕ್ಕೆ ಹನ್ನೆರಡು ಜಾಸ್ತಿ. ಕೇಳಾಕೆ ಸಣ್ಣದು, ವಸೂಲಿಗೆ ದೊಡ್ಡದು. ಜನ ಯಾಕೆ ಕಟ್ಟಬೇಕು?

ಮೇಷ್ಟ್ರು: ಕಣ್ಣಿಗೆ ಕಾಣುವ ಕಾರಣ ಕೊಟ್ಟರೆ ಕಟ್ಟುತ್ತಾರೆ. ತೇರಿನ ವಂತಿಗೆ ಎಗರಿಸುವವರು ಕಡಿಮೆ. ಯಾಕೆಂದರೆ ತೇರು ಎಳೆದದ್ದು ಕಾಣುತ್ತದೆ, ಲೆಕ್ಕ ಗುಡಿಯ ಗೋಡೆ ಮೇಲೆ ಬರೆದಿರುತ್ತಾರೆ. ಕಂದಾಯ ಎಲ್ಲಿ ಹೋಯಿತು ಅಂತ ಯಾರಿಗೂ ಕಾಣುವುದಿಲ್ಲ. ಎಂಪಿ ನಿಧಿಯ ಭವನ ಮುಚ್ಚಿದ್ದರೆ ಜನ ಬೈದು ಸುಮ್ಮನಾಗುತ್ತಾರೆ, ಯಾಕೆಂದರೆ ಅದು ದಿಲ್ಲಿಯಿಂದ ಬಂದ ದುಡ್ಡು. ತಮ್ಮ ಕಂದಾಯದಲ್ಲಿ ನಡೆಯುವ ಖೋಲಿ ಎರಡು ದಿನ ಮುಚ್ಚಿದರೆ ನಿನ್ನ ಮನೆ ಬಾಗಿಲಿಗೆ ಬರುತ್ತಾರೆ. ಸ್ಥಳೀಯ ಸರ್ಕಾರ ಅನ್ನುವುದಕ್ಕೆ ನನಗೆ ತಿಳಿದ ಪರೀಕ್ಷೆ ಇದೊಂದೇ: ಬಾಗಿಲು ಮುಚ್ಚಿದರೆ ಯಾರ ಮನೆಗೆ ಹೋಗಿ ಕೇಳಬೇಕು ಅಂತ ಗೊತ್ತಿರುವುದು.

ಮೆಂಬರು: ಅದೇ ನಮ್ಮ ಜಿಲ್ಲೆದು ದೊಡ್ಡ ಗೋಳು. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಓಟು ಹಾಕಿದ್ದು 2016ರಾಗೆ. 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ವಿಜಯನಗರ ಜಿಲ್ಲೆ ಹುಟ್ಟಿದ್ದೂ ಅದೇ 2021ರಾಗೆ. ಹೊಸ ಜಿಲ್ಲೆ, ಹೊಸ ಕಚೇರಿ. ಜಿಲ್ಲಾ ಪಂಚಾಯಿತಿಯಾಗೆ ನಮ್ಮವರು ಅಂತ ಕೂತವರೇ ಇಲ್ಲ. ಎಲ್ಲದಕ್ಕೂ ಅಧಿಕಾರಿಗಳ ಮುಖ ನೋಡಬೇಕು.

ಮೇಷ್ಟ್ರು: ಹರಪನಹಳ್ಳಿಯವರನ್ನು ಕೇಳು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಇಪ್ಪತ್ತು ವರ್ಷ ದಾಟಿದ ಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಮನೆ ಅಲ್ಲೇ ಇದೆ, ವಿಳಾಸ ಮಾತ್ರ ತಿರುಗುತ್ತಿದೆ. ಕಡತವೂ ಅದರ ಹಿಂದೆ ತಿರುಗುತ್ತದೆ. ಮೇಲಿನವರನ್ನು ನಂಬಿ ಸಂಜೆಯ ದೀಪ ಹಚ್ಚಲಾಗದು ಅನ್ನುವುದಕ್ಕೆ ನಮ್ಮ ತಾಲ್ಲೂಕಿಗಿಂತ ಬೇರೆ ಸಾಕ್ಷಿ ಬೇಡ.

ಮೆಂಬರು: ಹೂವಿನಹಡಗಲಿಯಾಗೆ ರಂಗಭಾರತಿ ಅಂತ ನಾಟಕದ ಸಂಘ ಐತಲ್ಲ. ಅದು ಪಂಚಾಯಿತಿದೂ ಅಲ್ಲ, ಇಲಾಖೆದೂ ಅಲ್ಲ. ಆದ್ರೂ ನಡೀತು. ಹಂಗೆ ಸಂಘದ ಕೈಗೇ ಕೊಟ್ರೆ?

ಮೇಷ್ಟ್ರು: ರಂಗಭಾರತಿಯ ಹಿಂದೆ ಎಂ.ಪಿ. ಪ್ರಕಾಶ್ ಇದ್ದರು. ವಕೀಲರು, ನಟರು, ಮುಂದೆ ಉಪಮುಖ್ಯಮಂತ್ರಿಯವರೆಗೆ ಹೋದವರು. ವಿಧಾನಸೌಧದಲ್ಲಿದ್ದೂ ನಾಟಕ ಬಿಡದ ಮನುಷ್ಯ. ಸಣ್ಣ ಊರಿನಲ್ಲಿ ಕೂತು ನಾಡಿಗೆ ಕಾಣುವಂಥ ರಂಗ ಚಟುವಟಿಕೆ ಮಾಡಬಹುದು ಅಂತ ತೋರಿಸಿದರು. ಅಂಥವರು ಪ್ರತಿ ಊರಿಗೂ ಹುಟ್ಟಿಬರುವುದಿಲ್ಲ. ಪ್ರಕಾಶರಿಲ್ಲದ ಊರಲ್ಲೂ ನಡೆಯುವ ಏರ್ಪಾಡು ಬೇಕು. ಪಕ್ಕದ ಕೇರಳ ಒಂದು ದಾರಿ ಮಾಡಿಕೊಂಡಿದೆ. ಅಲ್ಲಿ ಊರ ಗ್ರಂಥಶಾಲೆ ಊರವರದೇ. ಸದಸ್ಯರು ಚಂದಾ ಕಟ್ಟುತ್ತಾರೆ, ಸಮಿತಿ ಆರಿಸುತ್ತಾರೆ, ಅಲ್ಲೇ ನಾಟಕ, ಭಾಷಣ, ಕೇರಂ ಎಲ್ಲ. ಸರ್ಕಾರ ಕರ ಎತ್ತಿ ಅನುದಾನ ಕೊಡುತ್ತದೆ, ಆದರೆ ಬೀಗದ ಕೈ ಕೇಳುವುದಿಲ್ಲ. ಕಾಸರಗೋಡಿನಿಂದ ಕೆಳಕ್ಕೆ ಹೋದರೆ ಸಂಜೆ ಹೊತ್ತು ಗಂಡಸರು ಪೇಪರ್ ಹಿಡಿದು ಕೂತ ಜಗಲಿ ಕಾಣುವುದು ಇದೇ ಏರ್ಪಾಡಿನಿಂದ.

ಮೆಂಬರು: ಗಂಡಸರು ಅಂದ್ರಿ.

ಮೇಷ್ಟ್ರು: ಅಂದೆ. ಹೌದು, ಅಲ್ಲೂ ಹೆಚ್ಚು ಕಾಣುವವರು ಅವರೇ.

ಮೆಂಬರು: ಅದಕ್ಕೆ ನಂದೊಂದು ಬೇರೆ ಯೋಚನೆ ಐತೆ. ನಮ್ಮ ಪಂಚಾಯಿತಿಯಾಗೆ ಕಸದ ಗಾಡಿ ಯಾರು ಓಡಿಸ್ತಾರೆ? ಸಂಜೀವಿನಿ ಒಕ್ಕೂಟದ ಹೆಂಗಸರು. ಪಂಚಾಯಿತಿಗೂ ಒಕ್ಕೂಟಕ್ಕೂ ಕರಾರು ಆಗೈತೆ. ಡ್ರೈವಿಂಗ್ ಕಲಿತು, ಲೈಸೆನ್ಸ್ ತಗೊಂಡು ಅವರೇ ನಡೆಸ್ತಾರೆ. ಮೊದಲು ಊರೋರು ನಕ್ಕರು, ಈಗ ಗಾಡಿ ಒಂದು ದಿನ ಬರದಿದ್ರೆ ಫೋನ್ ಮಾಡ್ತಾರೆ. ಪಂಚಾಯಿತಿ ಹೊಸ ನೌಕರರನ್ನ ತಗೊಳ್ಳಬೇಕಂದ್ರೆ ಸಿಇಒ ಮಂಜೂರಿ ಬೇಕು, ಅದು ಯಾವಾಗ ಬರ್ತೈತೋ ದೇವರೇ ಬಲ್ಲ. ಒಕ್ಕೂಟದ ಜೊತೆ ಕರಾರು ಮಾಡಾಕೆ ದಾರಿ ಐತೆ. ಭವನದ ಬೀಗದ ಕೈನೂ ಅವರ ಕೈಗೇ ಕೊಟ್ರೆ?

ಮೇಷ್ಟ್ರು: ಒಕ್ಕೂಟದಲ್ಲಿ ಎಲ್ಲ ಕೇರಿಯವರೂ ಇದ್ದಾರಾ?

ಮೆಂಬರು: ಅದಾರೆ. ಊರಾಗೆ ಎಲ್ಲಾ ಕೇರಿ ಹೆಂಗಸರು ಒಂದೇ ಚಾಪೆ ಮೇಲೆ ಕೂರೋ ಜಾಗ ಅಂದ್ರೆ ಅದೊಂದೇ. ಜಗಳ ಇಲ್ಲ ಅಂತಲ್ಲ, ಸಾಲದ ಕಂತಿಗೆ ದಿನಾ ಜಗಳ. ಆದ್ರೂ ಕೂರ್ತಾರೆ. ಇನ್ನೊಂದು ಲಾಭ ಐತೆ. ಬಾಗಿಲು ತೆಗೆಯೋಳು ಹೆಂಗಸಾದ್ರೆ ನಮ್ಮ ಹೆಣ್ಣುಮಕ್ಕಳನ್ನ ಸಂಜೆ ಕಳಿಸಾಕೆ ಅವ್ವಂದಿರು ಹೆದರಲ್ಲ. ಖೋಲಿ ಎಷ್ಟು ದೊಡ್ಡದು ಅಂತ ಅವರು ನೋಡಲ್ಲ. ಅಲ್ಲಿ ಯಾರು ಕೂತಿರ್ತಾರೆ, ಕಕ್ಕಸಿಗೆ ಚಿಲಕ ಐತಾ, ಬರೋ ದಾರ್ಯಾಗೆ ದೀಪ ಐತಾ, ಇಷ್ಟು ನೋಡ್ತಾರೆ.

ಮೇಷ್ಟ್ರು: ಈ ಮೂರು ಮಾತು ಎಸ್ಟಿಮೇಟಿನಲ್ಲಿ ಇಲ್ಲದ್ದಕ್ಕೇ ಅಷ್ಟೊಂದು ಭವನ ಹಾಳು ಬಿದ್ದಿರುವುದು. ಸರಿ, ಯಾವ ಭವನ ತೆರೆಯುತ್ತೀ? ನಿಮ್ಮ ಕೇರಿಯದು ಅಂದರೆ ಮೇಲಿನ ಕೇರಿಯವರು ಬರುವುದಿಲ್ಲ. ಮೇಲಿನ ಕೇರಿಯದು ಅಂದರೆ ನಿಮ್ಮವರು ಹೊಸ್ತಿಲಲ್ಲಿ ನಿಲ್ಲುತ್ತಾರೆ.

ಮೆಂಬರು: ಎರಡೂ ಅಲ್ಲ. ಅರ್ಧಕ್ಕೆ ನಿಂತದ್ದು ಐತಲ್ಲ, ಅದು ಶಾಲೆ ಪಕ್ಕ, ಅರಿವು ಕೇಂದ್ರದ ಗೋಡೆಗೆ ಅಂಟಿಕೊಂಡೈತೆ. ಅದಿನ್ನೂ ಯಾರ ಹೆಸರಿಗೂ ಆಗಿಲ್ಲ. ಅದಕ್ಕೆ ಮೇಲೆ ಆರ್‌ಸಿಸಿ ಬೇಡ, ತಗಡು ಹಾಕಿಸಾನ. ನಡುವಿನ ಗೋಡೆಗೆ ಒಂದು ಬಾಗಿಲು ಒಡೆದ್ರೆ ಲೈಬ್ರರಿ, ಆಟದ ಖೋಲಿ ಒಂದೇ ಆಗ್ತೈತೆ. ಹಗಲು ಮೇಲ್ವಿಚಾರಕರು, ಸಂಜೆ ಒಕ್ಕೂಟದೋರು. ಬಾಕಿ ಉಳಿದಿರೋದು ಶಾಲೆ ಮೈದಾನ. ನರೇಗಾದಾಗೆ ಕಾಂಪೌಂಡು ಕಟ್ಟಿದ್ಮೇಲೆ ಸಂಜೆ ಗೇಟಿಗೆ ಬೀಗ. ಹುಡುಗರು ಗೋಡೆ ಹಾರ್ತಾರೆ, ಹುಡುಗಿಯರು ಮನೆಗೆ ಹೋಗ್ತಾರೆ.

ಮೇಷ್ಟ್ರು: ಮೈದಾನದ ಬೀಗ ಹೆಡ್ಮಾಸ್ಟರು ಸುಮ್ಮನೆ ಹಾಕಿದ್ದಲ್ಲ, ನಾನೂ ಆ ಕೆಲಸ ಮಾಡಿದವನು. ಬೆಳಿಗ್ಗೆ ಬಂದರೆ ಬಾಟಲಿ ಚೂರು, ಒಡೆದ ನಲ್ಲಿ, ಕಿತ್ತ ಗಿಡ. ಜವಾಬ್ದಾರಿ ಶಾಲೆಯದು, ಬಳಕೆ ಊರಿನದು ಅಂದರೆ ಯಾವ ಹೆಡ್ಮಾಸ್ಟರೂ ಒಪ್ಪುವುದಿಲ್ಲ. ಎಸ್‌ಡಿಎಂಸಿ, ಪಂಚಾಯಿತಿ ಎರಡೂ ಕೂತು ಬರೆದುಕೊಳ್ಳಿ: ಸಂಜೆ ಐದರಿಂದ ಏಳು ಪಂಚಾಯಿತಿ ಜವಾಬ್ದಾರಿ, ಆ ಹೊತ್ತಿನಲ್ಲಿ ಏನು ಮುರಿದರೂ ಪಂಚಾಯಿತಿ ಖರ್ಚಿನಲ್ಲಿ ರಿಪೇರಿ. ಅಷ್ಟು ಬರೆದುಕೊಟ್ಟರೆ ಗೇಟು ತೆರೆಯುತ್ತದೆ.

ಮೆಂಬರು: ಬರೆಸ್ತೀನಿ. ಅರ್ಜಿ ಕೊಟ್ಟ ಹುಡುಗರಿಗೆ ಏನು ಹೇಳಲಿ? ಅವರು ಭವನ ಕೇಳ್ಯಾರೆ, ನಾನು ತಗಡಿನ ಖೋಲಿ ಕೊಡ್ತೀನಿ ಅಂದ್ರೆ "ಮೆಂಬರಿಗೆ ದುಡ್ಡು ತರೋ ತಾಕತ್ತಿಲ್ಲ" ಅಂತಾರೆ.

ಮೇಷ್ಟ್ರು: ಅಂತಾರೆ. ಗುತ್ತಿಗೆದಾರರೂ ಅದನ್ನೇ ಅಂತಾರೆ, ಸ್ವಲ್ಪ ಜೋರಾಗಿ. ಅದಕ್ಕೆ ಎರಡೂ ಲೆಕ್ಕ ಗ್ರಾಮಸಭೆಯಲ್ಲಿ ಓದಿಬಿಡು. ಹೊಸ ಭವನಕ್ಕೆ ಇಷ್ಟು ಲಕ್ಷ, ದಿನಕ್ಕೆ ಸೊನ್ನೆ ತಾಸು ಬಾಗಿಲು. ಖೋಲಿಗೆ ಇಷ್ಟು, ದಿನಕ್ಕೆ ನಾಲ್ಕು ತಾಸು ಬಾಗಿಲು. ಆರಿಸುವವರು ಅವರು. ನನ್ನದೊಂದು ಅನುಮಾನ ಮಾತ್ರ ಹಾಗೇ ಇದೆ. ಮೊದಲ ಆರು ತಿಂಗಳು ಎಲ್ಲ ಸರಿ ಇರುತ್ತದೆ. ಆಮೇಲೆ ಒಕ್ಕೂಟದವರಿಗೆ ದುಡ್ಡು ಬಾಕಿ ಬೀಳುತ್ತದೆ, ಪಿಡಿಒ ವರ್ಗವಾಗುತ್ತಾರೆ, ಹೊಸಬರಿಗೆ ಕರಾರು ಗೊತ್ತಿರುವುದಿಲ್ಲ. ಆಗ ಬೀಗ ಬೀಳುತ್ತದೆ.

ಮೆಂಬರು: ಅದಕ್ಕೇ ನೀವು ಬೇಕು. ಲೆಕ್ಕ ನೋಡೋ ಸಮಿತಿಯಾಗೆ ಒಂದು ವರ್ಷ ಕೂತ್ಕೊಳ್ಳಿ. ತಿಂಗಳಿಗೊಂದು ಸಲ ಹರಪನಹಳ್ಳಿಯಿಂದ ಬಸ್ಸು ಹತ್ತಿದ್ರೆ ಆಯ್ತು.

ಮೇಷ್ಟ್ರು: ನಾನು ನಿಮ್ಮ ಪಂಚಾಯಿತಿಗೆ ಕಂದಾಯ ಕಟ್ಟುವವನಲ್ಲ, ನನಗೇನು ಹಕ್ಕು? ಕಂದಾಯ ಕಟ್ಟುವವರನ್ನೇ ಕೂರಿಸು, ಅದರಲ್ಲಿ ಅರ್ಧ ಹೆಂಗಸರಿರಲಿ. ತಿಂಗಳ ಜಮಾ ಖರ್ಚನ್ನು ಆ ಖೋಲಿಯ ಹೊರಗೋಡೆ ಮೇಲೆ ಸುಣ್ಣದ ಬಳಪದಲ್ಲಿ ಬರೆಸು. ಗ್ರಾನೈಟ್ ಬೇಡ, ತಿಂಗಳು ತಿಂಗಳು ಅಳಿಸಿ ಬರೆಯಬೇಕಲ್ಲ. ಒಂದು ವರ್ಷ ಆ ಗೋಡೆ ಓದಿ ಜನ ಕಂದಾಯ ಕಟ್ಟಿದರೆ ನನ್ನ ಅನುಮಾನ ಸುಳ್ಳು. ಕಟ್ಟದಿದ್ದರೆ ಆ ಹುಡುಗರ ಅರ್ಜಿಗೆ ನಾನೇ ಸಹಿ ಹಾಕುತ್ತೇನೆ. ಹಾಕಿ ಪ್ರಯೋಜನ ಇಲ್ಲ ಅಂತ ಗೊತ್ತಿದ್ದೂ ಹಾಕುತ್ತೇನೆ.

ಮೆಂಬರು: ಸಹಿ ಹಾಕೋ ಕೆಲಸ ನಿಮಗೆ ಬರದಂಗೆ ನೋಡ್ಕೋತೀನಿ ಮೇಷ್ಟ್ರೆ. ಮೊದಲು ನನ್ನ ಮನೆ ಕಂದಾಯ ಎರಡು ವರ್ಷದ್ದು ಬಾಕಿ ಐತೆ, ಅದನ್ನ ಕಟ್ಟಿ ಆಮೇಲೆ ಗ್ರಾಮಸಭೆಗೆ ಹೋಗ್ತೀನಿ. ಇಲ್ಲಾಂದ್ರೆ ಮೈಕ್ ಹಿಡಿದ ಕೂಡ್ಲೇ ಕೇಳೋ ಮೊದಲನೇ ಪ್ರಶ್ನೆ ಅದೇ ಆಗಿರ್ತೈತೆ.